ನಾಗರ ದಾರಿ

ಗಂಡ ಎತ್ತಿದ ಸಿಮೆಂಟಿನ ಬಾಂಡ್ಲಿಯನ್ನು ಬುವಾಲಾ ಗಟ್ಟಿಯಾಗಿ ಹಿಡಿದುಕೊಂಡಳು. "ಮುಚ್ಚಬೇಡಿ ಅಂದ್ನಲ್ಲಾ! ನೊಯ್ ಇನ್ಯಾವ ದಾರೀಲಿ ಬರ್ಬೇಕು?"

ಊರಿನ ಬೌದ್ಧ ವಿಹಾರದ ಹಿಂದಿನ ಆ ಬಿಲ, ಪಾತಾಳದ ನಾಗರು ಭೂಮಿಗೆ ಬರುವ ದಾರಿಯೆಂದು ಊರು ನಂಬಿತ್ತು. ಮಗಳು ನೊಯ್ ಮೆಕಾಂಗ್ ನದಿಯಲ್ಲಿ ಮುಳುಗಿ ಮೂರು ವರ್ಷವಾಗಿತ್ತು, ದೇಹ ಸಿಕ್ಕಿರಲಿಲ್ಲ. ನಾಗರೇ ಕರೆದೊಯ್ದರೆಂದು ಬುವಾಲಾ ದಿನವೂ ಬಿಲದ ಬಾಯಲ್ಲಿ ಅನ್ನದ ಬುಟ್ಟಿ ಇಡುತ್ತಿದ್ದಳು. ಮೊನ್ನೆ ಪಕ್ಕದ ಮನೆಯ ಮಗು ಅದರೊಳಗೆ ಜಾರಿ ಕಾಲು ಮುರಿದುಕೊಂಡಿತ್ತು.

"ಹುಚ್ಚಿ, ಬಿಲದಿಂದ ಯಾರಾದ್ರೂ ವಾಪಸ್ ಬರ್ತಾರೇನೇ?" ಎಂದ ಗಂಡ ಥೊಂಗ್ದಿ. ಆದರೂ ಬಾಂಡ್ಲಿ ಕೆಳಗಿಟ್ಟು ಮಂಡಿಯೂರಿದ. "ನೊಯ್... ನಾನು ಅಪ್ಪ ಕಣಮ್ಮಾ. ಇವತ್ತೇ ಕೊನೆ, ಬಂದ್ಬಿಡೇ," ಎಂದು ಬಿಲದೊಳಗೆ ಕೂಗಿ, ಕಿವಿಯನ್ನು ಮಣ್ಣಿಗೊತ್ತಿ ಕಾದ. ಏಳಲೇ ಇಲ್ಲ.

ಮೂರು ವರ್ಷ ತನ್ನನ್ನು ಗದರಿದವನ ಬೆನ್ನು ಅಳುವಿನಲ್ಲಿ ಅದುರುತ್ತಿತ್ತು. ಬುವಾಲಾ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಸಿಮೆಂಟನ್ನು ತಾನೇ ಸುರಿದಳು.