ಹದಿನಾಲ್ಕು ಪುಟದ ಒಂದು ಪದ

ಅಚ್ಚಿನಲ್ಲಿ ತನ್ನ ಹೆಸರು ನೋಡುವ ಆಸೆ ಇಷ್ಟೊಂದು ಇರಬಾರದೇನೋ ಎಂದು ಅವಳು ಬೆಳಿಗ್ಗೆ ಡೈರಿಯಲ್ಲಿ ಬರೆದುಕೊಂಡಿದ್ದಳು. ಮಧ್ಯಾಹ್ನ ನಿಘಂಟಿನ ಮೊದಲ ಪುಟದ ಕರಡಚ್ಚು ಮೇಜಿಗೆ ಬಂದಾಗ ಕಣ್ಣು ತಾನಾಗಿಯೇ ಹೆಸರುಗಳ ಸಾಲಿಗೆ ಹೋಯಿತು. ಒಂಬತ್ತು ಹೆಸರು. ಅವಳದಿಲ್ಲ.

ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಬರೆಯುವ ಆ ಕಚೇರಿಗೆ ಅವಳು ಎರಡು ವರ್ಷದ ಹಿಂದೆ ಸೇರುವಷ್ಟರಲ್ಲಿ ಅಕ್ಷರಗಳೆಲ್ಲ ಹಂಚಿಹೋಗಿದ್ದವು. ಉಳಿದದ್ದು ಯಾರೂ ಮುಟ್ಟದ ಒಂದು ಪದ: ರನ್. ಓಡುವುದು ತಾನೇ ಅಂದುಕೊಂಡು ಶುರುಮಾಡಿದಳು. ಅದು ಓಡಿತು, ಹೊಳೆಯಾಗಿ ಹರಿಯಿತು, ಮೂಗಾಗಿ ಸೋರಿತು, ಒಗೆದ ಬಟ್ಟೆಯಲ್ಲಿ ಬಣ್ಣ ಬಿಟ್ಟಿತು, ಅಂಗಡಿ ನಡೆಸಿತು. ಚುನಾವಣೆಗೆ ಬಂದಾಗ ಮಾತ್ರ ಓಡುವುದನ್ನು ಬಿಟ್ಟು ನಿಂತುಕೊಂಡಿತು! ಎಲ್ಲ ಸೇರಿ ಹದಿನಾಲ್ಕು ಪುಟ.

“ಇನ್ನೂ ರನ್ನಲ್ಲೇ ಇದೀರಾ ಮೇಡಂ? ಔಟಾಗೋದು ಯಾವಾಗ?” ಎಂದು ದಿನಾ ಛೇಡಿಸುತ್ತಿದ್ದವನು ಸಂಪಾದಕರ ಅಳಿಯ. ಅವನ ಪಾಲಿಗೆ ಬಂದದ್ದು ಎಕ್ಸ್. ಅಕ್ಷರವಿಡೀ ಮುಕ್ಕಾಲು ಪುಟ. ಪಟ್ಟಿಯಲ್ಲಿ ಅವನದು ಮೂರನೆಯ ಹೆಸರು.

ಕರಡು ಹಿಡಿದು ಸಂಪಾದಕರ ಕೋಣೆಗೆ ಹೋದಳು. ಎದುರು ಕುರ್ಚಿಯಲ್ಲಿ ಅಳಿಯ ಕಾಲಮೇಲೆ ಕಾಲು ಹಾಕಿ ಕೂತಿದ್ದ.

“ಸಾರ್, ನನ್ನ ಹೆಸರು...”

“ಪೂರ್ತಿ ಅಕ್ಷರ ಬರೆದವರ ಹೆಸರು ಮಾತ್ರ ಕಣಮ್ಮ. ನಿಯಮ ಅಂದ್ರೆ ನಿಯಮ. ಒಂದೊಂದು ಪದಕ್ಕೂ ಹೆಸರು ಹಾಕ್ತಾ ಹೋದ್ರೆ ಅದು ನಿಘಂಟಾಗಲ್ಲ, ಮತದಾರರ ಪಟ್ಟಿ ಆಗುತ್ತೆ.”

ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಪಾಪ, ಹೋಗ್ಲಿ ಮಾವ. ಕೊನೇಲಿ ‘ಮತ್ತಿತರರು’ ಅಂತ ಸೇರಿಸಿಬಿಡಿ. ಅದರಲ್ಲಿ ಇವರೂ ಇರ್ತಾರೆ.”

“ನೋಡು, ಎಷ್ಟು ದೊಡ್ಡ ಮನಸ್ಸು!” ಸಂಪಾದಕರು ಅಳಿಯನ ಕಡೆ ಹೆಮ್ಮೆಯಿಂದ ನೋಡಿದರು. “ಈಗ ನೀನೇ ಹೇಳಮ್ಮ, ಒಂದಾದ್ರೂ ಪೂರ್ತಿ ಅಕ್ಷರ ಬರೆದಿದೀಯಾ?”

ಎಂದಿನಂತೆ ‘ಇಲ್ಲ ಸಾರ್’ ಎನ್ನುವುದು ಅವಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಳಿಯನ ನಗು ಥಟ್ಟನೆ ನಿಂತದ್ದನ್ನು, ಕಾಲಮೇಲಿನ ಕಾಲು ಮೆಲ್ಲಗೆ ಕೆಳಗಿಳಿದದ್ದನ್ನು ಕಂಡಳು.

“ಬರೆದಿದೀನಿ ಸಾರ್,” ಎಂದಳು. “ಎಕ್ಸ್.”