ಹದಿಮೂರರ ಪಾನಾ

ಯಾರೋ ಕೈ ಹಾಕಿದ್ದರು. ರೇವಣಪ್ಪನಿಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಶನಿವಾರ ಸಂಜೆ. ನಾಸಿಕದ ಮನೆಯಂಗಳದಲ್ಲಿ ಹಳೆಯ ಪೆಟ್ರೋಲ್ ಪಿಕಪ್ಪಿನ ಬಾನೆಟ್ ಎತ್ತಿ ಅವನು ಡಿಸ್ಟ್ರಿಬ್ಯೂಟರಿನ ಮೇಲೆ ಬಗ್ಗಿ ನಿಂತಿದ್ದ. ಯಾವ ಕ್ಷಣಕ್ಕೆ ಕಿಡಿ ಹಾರಬೇಕೆಂದು ಎಂಜಿನ್ನಿಗೆ ಹೇಳುವ ಡಬ್ಬಿ ಅದು. ಒಂದೇ ಬೋಲ್ಟು ಸಡಿಲಿಸಿ ಅರ್ಧ ಬೆರಳು ಹಿಂದಕ್ಕೆ ತಿರುಗಿಸಿದರೆ ಟೈಮಿಂಗ್ ಹೋಯಿತು. ಅಂಗಳದಲ್ಲಿ ಗಾಡಿ ಸಾಧುವಿನಂತೆ ಓಡುತ್ತದೆ. ಹೆದ್ದಾರಿಗೆ ಬಿದ್ದು ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಕುದ್ದು, ಎಳೆಯಲಾರದೆ ಕೂತುಬಿಡುತ್ತದೆ. ಎರಡು ವಾರದಲ್ಲಿ ಎರಡು ಸಲ ಹಾಗೇ ಆಗಿತ್ತು. ಎರಡು ಸಲವೂ ನಿಫಾಡ್ ದಾಟಿರಲಿಲ್ಲ.

"ಮೂವತ್ತು ವರ್ಷ ಓಝರ್‌ನ ಕಾರ್ಖಾನ್ಯಾಗ ವಿಮಾನದ ಎಂಜಿನ್ನು ಬಿಚ್ಚಿ ಜೋಡಿಸೀನಿ. ಈ ಡಬ್ಬಿ ನನಗ ಕೈ ಕೊಡತದ?"

ಗಾಡಿ ಹೋಗಬೇಕಿದ್ದದ್ದು ಸಂಭಾಜಿನಗರಕ್ಕೆ, ಅಳಿಯನ ಮನೆಗೆ. ಮಗಳು ಅಪೇಕ್ಷಾ ಗಂಡನ ಮನೆ ಬಿಟ್ಟು, ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಹೊತ್ತು ಬಂದು ಇಪ್ಪತ್ತು ದಿನವಾಗಿತ್ತು. ಅಳಿಯ ಶಶಾಂಕ್ ಬಾರಿಸಿದ ಏಟಿಗೆ ಅವಳ ಎಡಗಿವಿ ಇನ್ನೂ ಗುಂಯ್ ಎನ್ನುತ್ತಿತ್ತು. ಅಳಿಯನ ಫೋನೂ ಬಂದಿತ್ತು: ಈ ಭಾನುವಾರ ಸಂಜೆಯೊಳಗೆ ಬರದಿದ್ದರೆ ಮತ್ತೆಂದೂ ಬರುವುದೇ ಬೇಡ. ಬಸ್ಸಿಗೆ ಹತ್ತಿಸಬಹುದಿತ್ತು. ಆದರೆ ಮಗಳ ಉಡಿ ತುಂಬಿಸಿ, ಅಪ್ಪ ತನ್ನ ಗಾಡಿಯಲ್ಲೇ ಕರೆದೊಯ್ದು ಬಿಟ್ಟು ಬರಬೇಕು. ಇಲ್ಲದಿದ್ದರೆ ಬೀಗರ ಮುಂದೆ ಮರ್ಯಾದೆ ಏನುಳಿಯಿತು? ಮಗಳ ಕಿವಿಗಿಂತ ಅದು ದೊಡ್ಡದು, ಬಿಡಿ.

"ನಕೋ ಅಪ್ಪಾ," ಎಂದಳು ಅಪೇಕ್ಷಾ. "ನಾ ಹೋಗಂಗಿಲ್ಲ."

"ಹೊಂದಿಕೋಬೇಕವಾ. ನಿಮ್ಮವ್ವ ಹೊಂದಿಕೊಳ್ಳಲಿಲ್ಲೇನು?"

ತಾಯಿ ಕುಸುಮಾವತಿ ಗಂಡ ಚಾಚಿದ ಕೈಗೆ ಆ ಬೋಲ್ಟು ಸಡಿಲಿಸುವ ಹದಿಮೂರರ ಪಾನಾ ಇಟ್ಟಳು. ಮದುವೆಯಾದಾಗಿನಿಂದ ಅದೇ ನಡೆದಿತ್ತು: ಅವನ ತಲೆ ಬಾನೆಟ್ಟಿನೊಳಗೆ, ಪಕ್ಕದಲ್ಲಿ ಬ್ಯಾಟರಿ ಹಿಡಿದು ಪಾನಾ ಕೊಡುವವಳು ಇವಳು. ಎಂದೋ ಮುರಿದು ಸೊಟ್ಟಗೆ ಕೂಡಿದ ಅವಳ ಕಿರುಬೆರಳು ಪಾನಾ ಹಿಡಿದಾಗಲೆಲ್ಲ ಹೊರಗೆ ಚಾಚಿಕೊಳ್ಳುತ್ತಿತ್ತು. ಬಾಗಿಲಿಗೆ ಸಿಕ್ಕಿದ್ದು ಎಂದು ಎಲ್ಲರಿಗೂ ಹೇಳಿದ್ದಳು.

"ನಿಮ್ಮಜ್ಜನ ಜೀಪು ನೋಡಬೇಕಿತ್ತು ನೀ," ರೇವಣಪ್ಪ ಮಗಳಿಗೆ ಹೇಳಿದ. "ನಿಮ್ಮವ್ವನ ಕೂಡ್ರಿಸಿಕೊಂಡು ತವರು ಅಥಣಿಯಿಂದ ಇಲ್ಲೀತನಕ ಮೂರು ಸಲ ಬಂತು. ಒಂದ ಸಲಾನೂ ಕೆಡಲಿಲ್ಲ. ಗಾಡಿ ಅಂದ್ರ ಅದು!"

ಸರಿ, ಕೈ ಹಾಕಿದವರು ಯಾರು? ಮುಂದಿನ ಕೋಣೆಯ ಬಾಡಿಗೆದಾರ ಅತುಲ್, ಮತ್ತಾರು! ಅಂಬಡ್‌ನ ಕಾರ್ಖಾನೆಯಲ್ಲಿ ವಾಹನದ ಬಿಡಿಭಾಗ ಮಾಡುವವನು, ಎಂಜಿನ್ನು ಬಲ್ಲವನು. ಅಪೇಕ್ಷಾಳ ಕಿವಿಗೆ ಔಷಧ ತಂದುಕೊಟ್ಟವನು ಬೇರೆ. ಇವಳು ಇಲ್ಲೇ ಉಳಿಯಲಿ ಎಂದು ಮತ್ತಾರಿಗೆ ಬೇಕಾಗಿದೆ?

ಕತ್ತಲಾಗುವ ಮೊದಲೇ ಅತುಲನ ಹಾಸಿಗೆ, ಸ್ಟವ್ವು ಬೀದಿಗೆ ಬಂದವು. "ಕಾಕಾ, ಮೀ ಕಾಯ್ ಕೇಲಂ?" ತಾನು ಮಾಡಿದ್ದಾದರೂ ಏನು ಎಂದು ಕೇಳುತ್ತಲೇ ಇದ್ದ ಪಾಪದವನು.

"ಬ್ಯಾಡ್ರಿ. ಅವಂದಲ್ಲರಿ ಈ ಕೆಲಸ," ಎಂದಳು ಕುಸುಮಾವತಿ.

"ಎಂಜಿನ್ನಿನ ವಿಷಯ ನಿನಗೇನು ತಿಳೀತದ? ಸುಮ್ಮನಿರು!"

ಆಮೇಲೆ ರೇವಣಪ್ಪ ಟೈಮಿಂಗ್ ಲೈಟ್ ಹಿಡಿದು ಎಲ್ಲ ಸರಿಯಾಗಿ ಕೂಡಿಸಿದ. ಬೋಲ್ಟು ಬಿಗಿದ. ಮಗಳ ಕೆಂಪು ನೇಲ್ ಪಾಲಿಶ್ ಇಸಿದುಕೊಂಡು, ಡಿಸ್ಟ್ರಿಬ್ಯೂಟರಿನ ಕುತ್ತಿಗೆಯಿಂದ ಎಂಜಿನ್ನಿನವರೆಗೆ ಒಂದು ಗೆರೆ ಎಳೆದ. ಯಾರಾದರೂ ತಿರುಗಿಸಿದರೆ ಗೆರೆ ಎರಡು ತುಂಡಾಗಿ ಕಾಣುತ್ತದೆ. ನಿವೃತ್ತಿಯಾದಾಗಿನಿಂದ ಅವನ ಕೈ ನಡುಗುತ್ತಿತ್ತು, ಹಾಗಾಗಿ ಗೆರೆ ಅಂಕುಡೊಂಕಾಗಿ ಬಂತು. ಗುರುತಿಗೆ ಇಷ್ಟು ಸಾಕು ಎಂದುಕೊಂಡ.

ಮರುದಿನ ಕುಸುಮಾವತಿ ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದಳು. ಅಂಗಳಕ್ಕೆ ನೀರು ಹೊಡೆದು, ಪಿಕಪ್ಪಿನ ಮುಂದಿನ ಚಕ್ರದವರೆಗೂ ರಂಗೋಲಿ ಹಾಕಿದಳು. ಒಂದೊಂದು ಗೆರೆಯೂ ಒಂದೇ ಎಳೆತದ್ದು. ನಂತರ ಮಗಳ ಉಡಿ ತುಂಬಿದಳು. ಅಪೇಕ್ಷಾ ಅಳುತ್ತ ಗಾಡಿ ಹತ್ತಿದಳು. ಜೊತೆಗೆ ಹತ್ತಿ ಕೂತ ತಾಯಿ ಅಳಲಿಲ್ಲ. ಎಂಥ ಗಟ್ಟಿ ಹೆಂಗಸು ಎಂದು ರೇವಣಪ್ಪನಿಗೆ ಹೆಮ್ಮೆಯೇ ಆಯಿತು.

ನಿಫಾಡಿನ ದ್ರಾಕ್ಷಿ ತೋಟಗಳ ನಡುವೆ ಗಾಡಿ ಕುದ್ದು ನಿಂತಿತು.

ರೇವಣಪ್ಪ ಹಾರಿ ಇಳಿದು ಬಾನೆಟ್ ಎತ್ತಿದ. ಕೆಂಪು ಗೆರೆ ತುಂಡಾಗಿರಲಿಲ್ಲ.

"ಯಾರೂ ಮುಟ್ಟಿಲ್ಲ," ಎಂದ. ದನಿ ಇಳಿದಿತ್ತು. "ಒಳಗಿನ ಗೇರಿನ ಹಲ್ಲು ಸವೆದಿರಬೇಕು. ಸುಮ್ಮನ ಆ ಹುಡುಗನ್ನ ಹೊರಗ ಹಾಕಿದೆ."

ಜೇಬಿನಲ್ಲಿ ಅಳಿಯನ ಫೋನು ಹೊಡೆದುಕೊಳ್ಳುತ್ತಿತ್ತು. ಸಂಭಾಜಿನಗರ ಇನ್ನೂ ಮೂರು ಗಂಟೆಯ ದಾರಿ. ಅಂದಾಜಿನ ಮೇಲೆ ಟೈಮಿಂಗ್ ಕೂಡಿಸಿ ಹೊರಟರೆ ಸಂಜೆಯೊಳಗೆ ಮುಟ್ಟಬಹುದು. ಅವನು ಕೈ ಚಾಚಲು ಹಿಂದೆ ತಿರುಗಿದ. ಕುಸುಮಾವತಿ ಆಗಲೇ ಪಕ್ಕದಲ್ಲಿ ನಿಂತಿದ್ದಳು, ಹದಿಮೂರರ ಪಾನಾ ಅವಳ ಕೈಯಲ್ಲೇ ಇತ್ತು. ಉಪಕರಣದ ಚೀಲವನ್ನು ಅವನಿನ್ನೂ ಹೊರಗೆ ತೆಗೆದಿರಲಿಲ್ಲ.

ರೇವಣಪ್ಪ ಮತ್ತೊಮ್ಮೆ ಗೆರೆ ನೋಡಿದ. ಬಗ್ಗಿ, ಹತ್ತಿರದಿಂದ ನೋಡಿದ.

ಗೆರೆ ನೆಟ್ಟಗಿತ್ತು. ಎಲ್ಲೂ ನಡುಗಿರಲಿಲ್ಲ. ಒಂದೇ ಎಳೆತದ್ದು.

"ನೀನಾ?"

ಅವನ ಕೈ ತಾನಾಗಿ ಮೇಲೆದ್ದಿತು, ಹಳೆಯ ರೂಢಿ. ಗಾಡಿಯಲ್ಲಿದ್ದ ಅಪೇಕ್ಷಾ ಕಿವಿ ಮುಚ್ಚಿಕೊಂಡಳು. ಕುಸುಮಾವತಿ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಪಾನಾ ಹಿಡಿದ ಕೈಯ ಸೊಟ್ಟ ಕಿರುಬೆರಳು ಅವನ ಕಣ್ಣ ಮುಂದೆಯೇ ಇತ್ತು.

"ನಮ್ಮಪ್ಪ ನನ್ನ ತಿರುಗಿ ನಿಮ್ಮ ಮನಿಗೆ ಬಿಡಾಕ ಬಂದನಲ್ಲ, ಆ ಮೂರು ಸಲಾನೂ ಜೀಪು ಹಿಂಗ ಕೆಡಬೇಕಿತ್ತರಿ," ಎಂದಳು. "ಆಗ ನನಗ ಟೈಮಿಂಗ್ ಗೊತ್ತಿರಲಿಲ್ಲ."