ಒಂದೇ ಟೋಕನ್

ಹೊಲಿಗೆ ಸಾಲಿನ ನಲವತ್ತು ಹೆಂಗಸರಿಗೂ ಸೇರಿ ಒಂದೇ ಟೋಕನ್. ಅದು ಕೈಗೆ ಬಂದವಳು ಮಾತ್ರ ಕಕ್ಕಸಿಗೆ ಹೋಗಬೇಕು. ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತವೆ ಎಂದು ಗಾರ್ಮೆಂಟ್ಸ್ ಮ್ಯಾನೇಜರೇ ತಂದ ನಿಯಮ ಅದು. ಬೆಳಿಗ್ಗೆ ಬಸುರಿ ಚಿಕ್ಕತಾಯಮ್ಮ ಬೇಡಿಕೊಂಡಾಗಲೂ, "ಟೋಕನ್ ಬರ್ಲಿ, ತಡ್ಕೋ" ಎಂದು ಗದರಿದ್ದ. ಅವಳು ಕೂತಲ್ಲೇ ಸೀರೆ ಒದ್ದೆ ಮಾಡಿಕೊಂಡಳು. ಮರುಗಳಿಗೆಯೇ ಮಿಷನ್ನುಗಳೆಲ್ಲ ನಿಂತವು. ಹೆಂಗಸರು ಅವನ ಮೇಜನ್ನು ಸುತ್ತುವರಿದು ನೆಲದ ಮೇಲೆ ಕೂತುಬಿಟ್ಟರು.

"ಗೇಟಿನಾಚೆ ನಿಮ್ಮಂಥವರು ನೂರು ಜನ ಕಾಯ್ತಿದ್ದಾರೆ. ಎಲ್ಲರ ಕೊಬ್ಬೂ ಇಳಿಸ್ತೀನಿ!"

ಒಬ್ಬಳೂ ಕದಲಲಿಲ್ಲ. ಫ್ಲಾಸ್ಕಿನ ಟೀ ಅಷ್ಟನ್ನೂ ಕುಡಿದು, ಬಾಯಿಗೆ ಬಂದಂತೆ ಬೈಯುತ್ತ ಮಧ್ಯಾಹ್ನ ಕಳೆದವನು ಕಡೆಗೆ ಕಾಲಿಗೆ ಕಾಲು ಒತ್ತಿಕೊಂಡು ಎದ್ದ.

"ದಾರಿ ಬಿಡ್ರಮ್ಮ, ಅರ್ಜೆಂಟು."

ಚಿಕ್ಕತಾಯಮ್ಮ ಕೂತಲ್ಲಿಂದ ಏಳಲಿಲ್ಲ.

"ಟೋಕನ್ ಯಾರೋ ತಕ್ಕೊಂಡೋಗವ್ರೆ ಸಾರ್. ಬರಗಂಟ ತಡ್ಕಳಿ."